ಹಳೆಯ ಡ್ಯಾಕ್: ಮುಚ್ಚಳ ತೆಗೆಸದೆ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ಸಂಗೀತಪ್ರಿಯರು ಸಿ.ಡಿ. ಬಿಟ್ಟು ಆ್ಯಪ್‌ಗಳಲ್ಲಿ ಕಛೇರಿ ಕೇಳುತ್ತಿರುವ ಈ ಹೊತ್ತಿನಲ್ಲೇ 1990ರ ದಶಕದ ದುಬಾರಿ ಡ್ಯಾಕ್‌ಗಳಿಗೂ, ಅಂದರೆ ಡಿಜಿಟಲ್ ಅಂಕಿಗಳನ್ನು ಧ್ವನಿಯ ಅಲೆಯಾಗಿಸುವ ಪೆಟ್ಟಿಗೆಗಳಿಗೂ, ಗಿರಾಕಿಗಳಿದ್ದಾರೆ. ‘ಹಳೆಯ ಚಿಪ್‌ನ ನಾದವೇ ಬೇರೆ’ ಎಂಬ ಮಾತಿಗೆ ದೊಡ್ಡ ಮೊತ್ತ ತೆರುವ ಮುನ್ನ ಕೆಲವು ಸಂಗತಿ ತಿಳಿದಿರಬೇಕು.

ಹಳೆಯದರಲ್ಲಿ ಹುರುಳಿಲ್ಲ ಎಂದಲ್ಲ. ಫಿಲಿಪ್ಸ್‌ನ 16 ಬಿಟ್ (ಬಿಟ್ ಎಂದರೆ ಸೊನ್ನೆ ಇಲ್ಲವೇ ಒಂದು ಎಂಬ ಅಂಕಿ) ಟಿಡಿಎ 1541ಎ, ಬರ್-ಬ್ರೌನ್‌ನ 20 ಬಿಟ್ ಪಿಸಿಎಂ 63 ಚಿಪ್‌ಗಳ ಸುತ್ತ ಅಂದಿನ ತಯಾರಕರು ದೊಡ್ಡ ಟ್ರಾನ್ಸ್‌ಫಾರ್ಮರ್, ವಿಭಾಗಕ್ಕೊಂದು ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ), ಗಟ್ಟಿಯಾದ ಔಟ್‌ಪುಟ್ ಸರ್ಕ್ಯೂಟ್ ಕೂರಿಸುತ್ತಿದ್ದರು. ಕಿವಿಗೆ ಹಿತವಾಗುವುದರಲ್ಲಿ ಚಿಪ್‌ಗಿಂತ ಇವುಗಳ ಪಾಲೇ ಹೆಚ್ಚು. ಆದರೆ ಅಂಕಿಯನ್ನು ಅಲೆ ಮಾಡುವ ಕೆಲಸ ಈಗ ಅಗ್ಗವಾಗಿದೆ. 16 ಬಿಟ್‌ನ ವ್ಯಾಪ್ತಿ, ಅಂದರೆ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ಇರುವ ಅಂತರ, ಸುಮಾರು 96 ಡೆಸಿಬೆಲ್. ಇಂದಿನ ಮಧ್ಯಮ ಬೆಲೆಯ ಡ್ಯಾಕ್‌ಗಳೇ 115ರಿಂದ 120 ಮುಟ್ಟುತ್ತವೆ. ಹಾಗೆಂದು ಈ ಅಂಕಿಗೂ ಮರುಳಾಗಬೇಕಿಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರರ ಕಾಲದ ಟೇಪ್ ಧ್ವನಿಮುದ್ರಣಗಳಲ್ಲಿ ಟೇಪಿನ ಹಿಸ್ ಸದ್ದೇ ಸಂಗೀತದ ಜೋರಿಗಿಂತ 60, 70 ಡೆಸಿಬೆಲ್ ಅಷ್ಟೇ ಕೆಳಗೆ ಕೂತಿರುತ್ತದೆ. ಅವಕ್ಕೆ 16 ಬಿಟ್ ಧಾರಾಳ.

ಏಣಿಯಂತೆ ರೆಸಿಸ್ಟರ್ ಜೋಡಿಸಿದ ಹಳೆಯ ಚಿಪ್‌ಗಳ ಪರೀಕ್ಷೆಯೇ ಬೇರೆ. ಇಂಥ ಹಲವು ಚಿಪ್‌ಗಳಲ್ಲಿ ಅಲೆಯು ಸೊನ್ನೆಯ ಗೆರೆ ದಾಟುವಾಗ ಎಲ್ಲ ಬಿಟ್‌ಗಳೂ ಒಮ್ಮೆಗೇ ಮಗುಚುತ್ತವೆ. ರೆಸಿಸ್ಟರ್‌ಗಳ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಅಲ್ಲೊಂದು ಮೆಟ್ಟಿಲು ಮೂಡುತ್ತದೆ. ತನಿ ಆವರ್ತನದ ಅಬ್ಬರದಲ್ಲಿ ಇದು ಗೊತ್ತಾಗದು. ಆಲಾಪನೆ ಮುಗಿದು, ಮೀಟು ಆರುತ್ತಾ ಬಂದು, ತಂಬೂರಿಯೊಂದೇ ಉಳಿದಾಗ ನಾದದ ಅಂಚು ಒರಟಾಗಿ ಕೇಳುತ್ತದೆ. ಅಂಗಡಿಯಲ್ಲಿ ಈ ಜಾಗವನ್ನೇ ಹಾಕಿಸಿ ಕೇಳಿ.

ನಮ್ಮ ಕಡೆ ಹೆಚ್ಚು ಕಾಡುವುದು ಕರೆಂಟು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ಹಳ್ಳಿಯ ಮನೆಯಲ್ಲಿ 230 ವೋಲ್ಟ್ 180ಕ್ಕೆ ಕುಸಿಯಿತು ಎನ್ನಿ. ಅಮೆರಿಕದಿಂದ ಬಂದ ಡ್ಯಾಕ್‌ಗೆಂದು ಇಟ್ಟ 230ರಿಂದ 115ರ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಆಗ ಕೊಡುವುದು 90 ಅಷ್ಟೇ. ಒಳಗಿನ 15 ವೋಲ್ಟ್ ರೆಗ್ಯುಲೇಟರ್‌ಗೆ ಕನಿಷ್ಠ 17, 18 ವೋಲ್ಟ್ ಸಿಗಬೇಕು. ಸಿಗದಿದ್ದರೆ 100 ಹರ್ಟ್ಸ್‌ನ ಗುಂಯ್ ಸದ್ದು ಸ್ಪೀಕರ್‌ಗೆ ಇಳಿಯುತ್ತದೆ. ಇಂಟರ್‌ನೆಟ್‌ನಿಂದ ನೇರವಾಗಿ ಹಾಡು ನುಡಿಸುವ ಹೊಸ ಸ್ಟ್ರೀಮಿಂಗ್ ಡ್ಯಾಕ್‌ಗಳ ಅಡಾಪ್ಟರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ನಡೆಯುವುದರಿಂದ ಈ ಕಾಟ ಇರದು. ಹಳೆಯದನ್ನೇ ಇಡುವವರು ಸ್ಟೆಬಿಲೈಸರ್ ಹಾಕಲಿ. ಸ್ಟೆಪ್‌ಡೌನ್‌ನಲ್ಲಿ ಅರ್ತ್ ಪಿನ್ ಆಚೆಗೆ ಸಾಗಿದೆಯೇ ಎಂದೂ ನೋಡಲಿ. ಎಷ್ಟೋ ಅಗ್ಗದವುಗಳಲ್ಲಿ ಸಾಗಿರುವುದಿಲ್ಲ.

ಅದೇ ಗುಂಯ್ ಸದ್ದು ವೋಲ್ಟೇಜ್ ಸರಿಯಿದ್ದಾಗಲೂ ಬಂದರೆ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಎಂದೇ ಮೊದಲು ಅನುಮಾನಿಸಬೇಕು. ಶಾಖ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧವಾಗುತ್ತದೆ. ಇಡೀ ದಿನ ಆನ್ ಇದ್ದ ಡ್ಯಾಕ್ 30 ವರ್ಷದಲ್ಲಿ ಹಣ್ಣಾಗಿರುತ್ತದೆ. ಮುಚ್ಚಳ ತೆಗೆಸಿ, ಕೆಪಾಸಿಟರ್‌ನ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಇದೆಯೇ ನೋಡಿ. ಹಾಡು ನಿಲ್ಲಿಸಿ ಔಟ್‌ಪುಟ್‌ನ ನಡು ಪಿನ್ನಿಗೂ ಹೊರ ಬಳೆಗೂ ಮಲ್ಟಿಮೀಟರ್ ಹಿಡಿದಾಗ ಡಿ.ಸಿ. 20 ಮಿಲಿವೋಲ್ಟ್ ದಾಟಿದರೆ ಕಾರಣ ತಿಳಿಯದೆ ದುಡ್ಡು ಕೊಡಬೇಡಿ. ಬದಲಿಸುವಾಗ 105 ಡಿಗ್ರಿ ಶಾಖ ತಾಳುವ ಕೆಪಾಸಿಟರ್‌ಗಳನ್ನೇ ಹಾಕಿಸಿ. ಚಿಪ್ಪೇ ಸತ್ತಿದ್ದರೆ ಕಷ್ಟ. ಟಿಡಿಎ 1541ಎ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಕಿರೀಟದ ಗುರುತಿನ ಆಯ್ದ ದರ್ಜೆಯ ‘ಎಸ್1’ ಎಂದು ಮಾರುವವುಗಳಲ್ಲಿ ಅಕ್ಷರ ಅಳಿಸಿ ಮತ್ತೆ ಅಚ್ಚು ಹಾಕಿದವು ಬಹಳ.

ಮನೆಯಲ್ಲಿ ಒಳ್ಳೆಯ ಸ್ಥಿತಿಯ ಹಳೆಯ ಡ್ಯಾಕ್ ಇದ್ದರೆ ಖಂಡಿತ ಮಾರಬೇಡಿ. ಕೊಯಾಕ್ಸಿಯಲ್ ಔಟ್‌ಪುಟ್ ಬೋರ್ಡ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಹಾಡು ನುಡಿಸುವ ವಾಲ್ಯುಮಿಯೊ ತಂತ್ರಾಂಶ ಹಾಕಿ, 75 ಓಮ್ ಕೇಬಲ್‌ನಲ್ಲಿ ಜೋಡಿಸಿದರೆ ಅದೂ ಸ್ಟ್ರೀಮಿಂಗ್ ಡ್ಯಾಕ್ ಆಗುತ್ತದೆ. ಅಂದಿನ ಬಹುಪಾಲು ಡ್ಯಾಕ್‌ಗಳು 48 ಕಿಲೋಹರ್ಟ್ಸ್‌ಗಿಂತ (ಸೆಕೆಂಡಿಗೆ 48 ಸಾವಿರ ಧ್ವನಿ ಮಾದರಿಗಳಿಗಿಂತ) ಮೇಲಿನದನ್ನು ಹಿಡಿಯವು; 96ರ ಫೈಲ್ ಬಂದರೆ ಮೌನ, ಇಲ್ಲವೇ ಕಟಕಟ. ಅದಕ್ಕೇ ವಾಲ್ಯುಮಿಯೊದಲ್ಲಿ ಈ ದರ ಬದಲಿಸುವ ರೀಸ್ಯಾಂಪ್ಲಿಂಗ್ ಆನ್ ಮಾಡಿ 44.1ಕ್ಕೆ ನಿಲ್ಲಿಸಿ. ಗ್ರೌಂಡ್ ಲೂಪ್‌ನ ಸದ್ದು, ಅಂದರೆ ಎರಡು ಉಪಕರಣಗಳ ಅರ್ತ್ ತಂತಿಗಳು ಸುತ್ತುಗಟ್ಟಿ ಮೂಡುವ ಗುಂಯ್, ಬಂದರೆ ಬೋರ್ಡಿನಲ್ಲೂ ಡ್ಯಾಕ್‌ನಲ್ಲೂ ಆಪ್ಟಿಕಲ್ ಜಾಗವಿದ್ದಲ್ಲಿ ಬೆಳಕಿನ ಮೂಲಕ ಸಾಗಿಸುವ ಆಪ್ಟಿಕಲ್ ಕೇಬಲ್ ಬಳಸಿ. ಹೊಸದು ಕೊಳ್ಳುವವರೂ ಸ್ಟ್ರೀಮರ್ ಬೇರೆ, ಡ್ಯಾಕ್ ಬೇರೆ ಇಟ್ಟುಕೊಳ್ಳುವುದು ಲೇಸು. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿ ಆ್ಯಪ್ ಕೈಕೊಟ್ಟ ದಿನ, ಚೆನ್ನಾಗಿರುವ ಡ್ಯಾಕ್‌ನ ಬೆಲೆಯೂ ಬಿದ್ದುಹೋಗುತ್ತದೆ.

ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. 100 ಹರ್ಟ್ಸ್‌ನ ಒಂದೇ ಟೋನ್ ಹಾಕಿ ಔಟ್‌ಪುಟ್‌ನ ಎ.ಸಿ. ವೋಲ್ಟ್ ಅಳೆಯಿರಿ. ಒಂದು 2, ಇನ್ನೊಂದು 2.3 ವೋಲ್ಟ್ ಕೊಟ್ಟರೆ 1.2 ಡೆಸಿಬೆಲ್ ಅಂತರವಾಯಿತು. ಜೋರಾದದ್ದೇ ಕಿವಿಗೆ ಇಂಪೆನಿಸುತ್ತದೆ. ವಾಲ್ಯೂಮ್ ಸರಿಪಡಿಸಿ, ಯಾವುದು ಓಡುತ್ತಿದೆ ಎಂದು ತಿಳಿಯದಂತೆ ಬೇರೆಯವರ ಕೈಯಲ್ಲಿ ಬದಲಿಸಿ, ಆಮೇಲೆ ಬೆಲೆ ಮಾತಾಡಿ.

– ಓದುಗ, ಸರಸ್ವತಿಪುರಂ, ಮೈಸೂರು