ಸರಿ ಬರೆದ ಮಗುವಿಗೆ ಅಂಕ ಕಳೆಯಬೇಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿ. ಇಂಗ್ಲಿಷ್ ಟೆಸ್ಟ್‌ನಲ್ಲಿ 'ದಿ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ಟೇಕ್ ರೆಸ್ಟ್' ಎಂದು ಬರೆದಿದ್ದಳು. 'ಟೇಕ್' ಪಕ್ಕ ಕೆಂಪು ಪೆನ್ನಲ್ಲಿ ಒಂದು 'ಎಸ್' ಸೇರಿಸಿ ಅಂಕ ಕಳೆದಿದ್ದಾರೆ. ಅವಳು ಬರೆದದ್ದು ಸರಿಯಾಗಿಯೇ ಇತ್ತು!

ಸಜೆಸ್ಟ್, ರೆಕಮೆಂಡ್, ಇನ್ಸಿಸ್ಟ್, ಡಿಮ್ಯಾಂಡ್ ಇಂಥ ಕ್ರಿಯಾಪದಗಳಾದ ಮೇಲೆ 'ದಟ್' ಬಂದು, ಯಾರೋ ಏನೋ ಮಾಡಬೇಕು ಅನ್ನುವ ಅರ್ಥವಿದ್ದರೆ, ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಇರಬಹುದು. 'ಹಿ', 'ಶಿ' ಇದ್ದರೂ 'ಎಸ್' ಬೇಡ, ಹಿಂದಿನ ಮಾತು ಭೂತಕಾಲದಲ್ಲಿದ್ದರೂ ಇದು ಬದಲಾಗಲ್ಲ. ಬೇಡ ಅನ್ನುವುದಕ್ಕೂ 'ದಟ್ ಹಿ ನಾಟ್ ಗೋ' ಅಂದರೆ ಸಾಕು. ಅಮೆರಿಕದಲ್ಲಿ ಇದೇ ರೂಢಿ. ಬ್ರಿಟನ್ನಿನವರು 'ಶುಡ್ ಟೇಕ್' ಅಂತಲೂ ಜಾಸ್ತಿ ಬರೆಯುತ್ತಾರೆ, ಅದೂ ಸರಿ.

ನಮ್ಮ ಮಕ್ಕಳಿಗೆ ಇದು ಕಷ್ಟವೇ ಅಲ್ಲ, ಯಾಕೆಂದರೆ ಕನ್ನಡದಲ್ಲೇ ಇದೆ. 'ಅವನು ಬರಲಿ ಅಂತ ಹೇಳಿದರು' ಅನ್ನುತ್ತೇವೆ ಅಲ್ವಾ? ಅವಳು ಬರಲಿ, ಅವರು ಬರಲಿ, ಅದು ಬರಲಿ, ಎಲ್ಲಕ್ಕೂ ಒಂದೇ 'ಬರಲಿ'. ನಿನ್ನೆ ಹೇಳಿದರೂ ಅದೇ, ನಾಳೆ ಹೇಳಿದರೂ ಅದೇ. ಇಂಗ್ಲಿಷ್‌ನಲ್ಲಿ ಈ ರೂಪ ಬದಲಾದರೆ ಅರ್ಥವೇ ಬದಲಾಗಬಹುದು. 'ಇನ್ಸಿಸ್ಟ್' ತಗೊಳ್ಳಿ. 'ಹಿ ಇನ್ಸಿಸ್ಟೆಡ್ ದಟ್ ಶಿ ವಾಸ್ ದೇರ್' ಅಂದರೆ ಅವಳು ಅಲ್ಲಿ ಇದ್ದಳು ಅಂತ ವಾದಿಸಿದ. 'ದಟ್ ಶಿ ಬಿ ದೇರ್' ಅಂದರೆ ಅವಳು ಅಲ್ಲಿ ಇರಲೇಬೇಕು ಅಂತ ಹಟ ಹಿಡಿದ. ಸಾಕ್ಷಿ ಹೇಳಿಕೆಯಲ್ಲಿ ಒಂದರ ಬದಲು ಇನ್ನೊಂದು ಬಂದರೆ ಕೇಸೇ ತಿರುಗಿಬಿಡುತ್ತದೆ. ಇಷ್ಟನ್ನು ಕನ್ನಡದಲ್ಲೇ ಹೇಳಿಕೊಟ್ಟರೆ ಒಂದು ಪೀರಿಯಡ್ ಸಾಕು, ಸುಮ್ನೆ ದೊಡ್ಡ ಹೆಸರಿನ ನಿಯಮ ಉರು ಹೊಡೆಸುವುದು ಬೇಡ.

ಕೆಂಪು ಪೆನ್ನು ಬೇಕಿರುವ ತಪ್ಪು ಬೇರೆ ಇದೆ. 'ಹಿ ಸಜೆಸ್ಟೆಡ್ ಮಿ ಟು ಗೋ'. ಆಫೀಸಿನ ಈಮೇಲ್‌ಗಳಲ್ಲಿ, ಕೋಚಿಂಗ್ ನೋಟ್ಸ್‌ನಲ್ಲಿ ಎಲ್ಲ ಕಡೆ ಕಾಣುತ್ತದೆ. 'ಅಡ್ವೈಸ್ಡ್ ಮಿ ಟು ಗೋ' ಸರಿ, 'ಟೋಲ್ಡ್ ಮಿ ಟು ಗೋ' ಸರಿ, 'ಸಜೆಸ್ಟ್'ಗೆ ಮಾತ್ರ ಆ ಜೋಡಣೆ ಹೊಂದಲ್ಲ. 'ಸಜೆಸ್ಟೆಡ್ ದಟ್ ಐ ಗೋ' ಅನ್ನಬೇಕು. ಯಾರು ಹೋಗಬೇಕು ಅಂತ ಹೇಳುವ ಅಗತ್ಯ ಇಲ್ಲದಿದ್ದರೆ 'ಸಜೆಸ್ಟೆಡ್ ಗೋಯಿಂಗ್' ಸಾಕು.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಉತ್ತರ ಸೂಚಿಯಲ್ಲಿ 'ಟೇಕ್', 'ಶುಡ್ ಟೇಕ್' ಎರಡನ್ನೂ ಸರಿ ಎಂದು ನಮೂದಿಸಿ. ಮೌಲ್ಯಮಾಪನ ಮಾಡುವ ಮೇಷ್ಟ್ರಿಗೂ ಗೊಂದಲ ಇರಲ್ಲ, ಮಕ್ಕಳ ಅಂಕವೂ ಹೋಗಲ್ಲ.

– ಓದುಗ, ಶಿವಮೊಗ್ಗ