ಸೋರುವ ಜಾಗ ಹುಡುಕದೆ ಗೇರ್‌ಬಾಕ್ಸ್ ಇಳಿಸಿದ ಬಗ್ಗೆ ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಕಾರು ಸರ್ವಿಸ್ ಸೆಂಟರ್, ಶಿರಸಿ

ಪ್ರತಿ: ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ

ವಿಷಯ: ಆಯಿಲ್ ಮತ್ತು ಕೂಲಂಟ್ ಸೋರಿಕೆಯ ಮೂಲ ಪತ್ತೆ ಮಾಡದೆ ಭಾಗಗಳನ್ನು ಬದಲಿಸಿ ಬಿಲ್ ಪಡೆದದ್ದು. ಹಣ ವಾಪಸ್ ಮತ್ತು ಲಿಖಿತ ಉತ್ತರ ಕೋರಿ.

ಮಾನ್ಯರೇ,

ನಮ್ಮ ಚಿಕ್ಕ ಪೆಟ್ರೋಲ್ ಕಾರಿಗೆ ಎರಡು ತೊಂದರೆ ಇದ್ದವು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಆಯಿಲ್ ಕಲೆ ಬೀಳುತ್ತಿತ್ತು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಅದರ ಬಾಟಲಿಯಲ್ಲಿ ಮಟ್ಟ ಇಳಿಯುತ್ತಲೇ ಇತ್ತು. ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ. ನೀವು ಮೊದಲು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್ ಬದಲಿಸಿದಿರಿ. ನಿಲ್ಲಲಿಲ್ಲ. ಆಮೇಲೆ ಗೇರ್‌ಬಾಕ್ಸ್ ಇಳಿಸಿ ಎಂಜಿನ್ನಿಗೂ ಅದಕ್ಕೂ ನಡುವೆ, ಫ್ಲೈವೀಲ್ ಕಡೆ ಇರುವ ಆಯಿಲ್ ಸೀಲ್ ಬದಲಿಸಿದಿರಿ. ಆಗಲೂ ನಿಲ್ಲಲಿಲ್ಲ. ಕೊನೆಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವಿನ ಪ್ಯಾಕಿಂಗ್) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ದೊಡ್ಡ ಎಸ್ಟಿಮೇಟ್ ಕೈಗೆ ಕೊಟ್ಟಿರಿ.

ಹೆಡ್ ಗ್ಯಾಸ್ಕೆಟ್ ಹೋಗಿರಲಿಲ್ಲ. ಫ್ಲೈವೀಲ್ ಸೀಲ್ ಕೂಡ ಸೋರುತ್ತಿರಲಿಲ್ಲ. ನಿಜವಾದ ಕಾರಣ ಊರಿನ ಇನ್ನೊಂದು ಗ್ಯಾರೇಜಿನಲ್ಲಿ, ಎಂಜಿನ್ನಿನ ಒಂದು ಬೋಲ್ಟ್ ಸಡಿಲಿಸುವ ಮೊದಲೇ ಗೊತ್ತಾಯಿತು. ನನ್ನ ದೂರು ಇಷ್ಟೇ: ನೀವು ಹುಡುಕಲಿಲ್ಲ. ಊಹೆ ಮಾಡಿದಿರಿ, ಪ್ರತಿ ಊಹೆಗೂ ನನ್ನಿಂದ ದುಡ್ಡು ತೆಗೆದುಕೊಂಡಿರಿ.

ಆಯಿಲ್ ವಿಷಯ ಮೊದಲು ಹೇಳುತ್ತೇನೆ. ನಿಮ್ಮ ಹುಡುಗರು ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಿದರು. ಚೇಂಬರ್ ಒದ್ದೆ ಇತ್ತು, ಹಾಗಾಗಿ ಚೇಂಬರ್ ಪ್ಯಾಕಿಂಗ್ ಅಂದರು. ಮುಂದಿನ ಸಲ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಜಾಗ ಒದ್ದೆ ಇತ್ತು, ಹಾಗಾಗಿ ಒಳಗಿನ ಸೀಲ್ ಅಂದರು. ಆದರೆ ಆಯಿಲ್ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಎಲ್ಲೇ ಸೋರಿದರೂ ಕೊನೆಗೆ ಒದ್ದೆಯಾಗುವುದು ಚೇಂಬರ್ರೇ. ನಮ್ಮ ಕಡೆಯ ಹಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವುದು ಜಗಲಿಯಲ್ಲಿ, ಒಡೆದ ಹಂಚು ಇರುವುದು ಎಷ್ಟೋ ಮೇಲೆ; ನೀರು ಪಕಾಸಿ ಹಿಡಿದು ಇಳಿದು ಬಂದಿರುತ್ತದೆ. ಎಂಜಿನ್ನಿನಲ್ಲೂ ನೋಡಬೇಕಾದದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು. ಇದನ್ನು ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ನಾನು ಆಗಲೇ ಹೇಳಿದ್ದೆ. "ಹಳೇ ಗಾಡಿ ಸರ್, ಸ್ವಲ್ಪ ಆಯಿಲ್ ಬಿಡೋದೇ" ಅನ್ನುವ ಉತ್ತರ ಸಿಕ್ಕಿತು.

ಇನ್ನೊಂದು ಗ್ಯಾರೇಜಿನ ಮೆಕ್ಯಾನಿಕ್ ಮಾಡಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲೂ ಇದನ್ನೇ ಮಾಡಬಹುದಿತ್ತು ಅನ್ನುವುದು ನಿಮಗೆ ಗೊತ್ತಾಗಲಿ. ಅವರು ಮೊದಲು ಎಂಜಿನ್ ಪೂರ್ತಿ ತೊಳೆದು ಒಣಗಿಸಿದರು. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ ಎಂದರು. ಆಮೇಲೆ ಆಯಿಲ್ ಜೊತೆ ಸೇರುವ ಒಂದು ಬಣ್ಣದ ದ್ರವವನ್ನು ಸ್ವಲ್ಪ ಹಾಕಿ, ಗಾಡಿ ಓಡಿಸಿಕೊಂಡು ಬರಲು ಹೇಳಿದರು. ವಾಪಸ್ ಬಂದ ಮೇಲೆ ಯುವಿ ಟಾರ್ಚ್ ಹಿಡಿದರು. ಎಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಕವರಿನ ಮೂಲೆಯಲ್ಲಿ, ಗೇರ್‌ಬಾಕ್ಸ್ ಇರುವ ಕಡೆಗೆ, ಹಸಿರು ಹಳದಿ ಗೆರೆ ಹೊಳೆಯಿತು. ಅಲ್ಲಿಂದ ಬ್ಲಾಕ್ ಹಿಡಿದು ನೇರ ಕೆಳಗೆ ಇಳಿದಿತ್ತು. ಗೇರ್‌ಬಾಕ್ಸ್ ಮೂತಿಯ ಮೇಲೆ ಬಿದ್ದು, ಸುತ್ತಿ, ತಳದಿಂದ ತೊಟ್ಟಿಕ್ಕುತ್ತಿತ್ತು. ಫ್ಲೈವೀಲ್ ಸೀಲ್ ಸೋರಿದ್ದರೆ ಮೇಲ್ಭಾಗ ಒಣಗಿರಬೇಕು, ಆಯಿಲ್ ಒಳಗಿನಿಂದ ತಳಕ್ಕೆ ಮಾತ್ರ ಬರಬೇಕು. ಇಲ್ಲಿ ಮೇಲಿನಿಂದಲೇ ಒದ್ದೆ. ಟಾರ್ಚ್ ಬೆಳಕಿನಲ್ಲಿ ನನ್ನ ಕಣ್ಣಿಗೇ ಕಂಡಿತು. ಫೋಟೋ ಜೊತೆಗಿದೆ.

ಆದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿ ಅಲ್ಲಿಗೇ ಮುಗಿಸಲಿಲ್ಲ. ಆ ಪ್ಯಾಕಿಂಗ್ ಯಾಕೆ ಸೋರಿತು ಅಂತಲೂ ನೋಡಿದರು. ಪಿಸ್ಟನ್ ರಿಂಗುಗಳ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ, ಆಯಿಲ್ ಇರುವ ಕಡೆಗೆ ನುಗ್ಗುತ್ತದೆ. ಅದನ್ನು ಹೊರಗೆ ಎಳೆದು ಮತ್ತೆ ಎಂಜಿನ್ನಿಗೆ ಕಳಿಸುವುದು ಪಿಸಿವಿ ವಾಲ್ವ್. ನಮ್ಮದರಲ್ಲಿ ಅದು ಜಿಡ್ಡು ಕಟ್ಟಿ ಜಾಮ್ ಆಗಿತ್ತು. ಕೈಯಲ್ಲಿ ಅಲ್ಲಾಡಿಸಿದರೆ ಒಳಗಿನ ಸದ್ದೇ ಇಲ್ಲ. ಗ್ಯಾಸ್ ಹೋಗಲು ದಾರಿ ಇಲ್ಲದಾಗ ಒಳಗೆ ಒತ್ತಡ ಏರಿ, ಆಯಿಲ್ ಅನ್ನು ಸಿಕ್ಕ ಪ್ಯಾಕಿಂಗಿನಿಂದ ಹೊರಗೆ ದೂಡುತ್ತದೆ. ಈ ವಾಲ್ವ್ ಹಾಗೇ ಬಿಟ್ಟು ಎಷ್ಟು ಪ್ಯಾಕಿಂಗ್ ಹಾಕಿದರೂ ಪ್ರಯೋಜನ ಇಲ್ಲ, ಅಲ್ವಾ? ನೀವು ಹಾಕಿದ ಹೊಸ ಸೀಲ್ ಕೂಡ ಇದೇ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ವಾಲ್ವ್ ಮತ್ತು ಟ್ಯಾಪೆಟ್ ಕವರ್ ಪ್ಯಾಕಿಂಗ್, ಎರಡರ ಬೆಲೆ ಸೇರಿದರೂ ನೀವು ಗೇರ್‌ಬಾಕ್ಸ್ ಇಳಿಸಲು ಹಾಕಿದ ಲೇಬರ್ ಚಾರ್ಜಿನ ಹತ್ತಿರಕ್ಕೂ ಬರುವುದಿಲ್ಲ. ಎರಡೂ ಬಿಲ್ ಪಕ್ಕ ಪಕ್ಕ ಇಟ್ಟು ನೋಡಿ.

ಕೂಲಂಟ್ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಬೇಸರವಿದೆ.

ಪ್ರತಿ ಸಲವೂ "ಟಾಪ್ ಅಪ್ ಮಾಡಿದ್ದೇವೆ" ಎಂದು ಬರೆದು ಕೊಟ್ಟಿರಿ. ಯಾಕೆ ಕಮ್ಮಿಯಾಗುತ್ತಿದೆ ಅಂತ ಯಾರೂ ನೋಡಲಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ಹೀಗೆ ಮತ್ತೆ ಮತ್ತೆ ಇಳಿಯಬಾರದು. ಇಳಿಯುತ್ತಿದೆ ಅಂದರೆ ಎಲ್ಲೋ ಹೋಗುತ್ತಿದೆ. ಕೆಳಗೆ ಹನಿ ಬೀಳುತ್ತಿಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತದೆ, ಒಣಗಿದ ಪುಡಿಯಂಥ ಕಲೆ ಮಾತ್ರ ಉಳಿಯುತ್ತದೆ. ಆ ಕಲೆ ವಾಟರ್ ಪಂಪಿನ ಕೆಳಗೆ ಇತ್ತು. ಕೈಗನ್ನಡಿ, ಟಾರ್ಚ್ ಇಟ್ಟುಕೊಂಡು ನೋಡಿದ್ದರೆ ನಿಮಗೂ ಕಾಣುತ್ತಿತ್ತು.

ಆ ಮೆಕ್ಯಾನಿಕ್ ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು ಅಲ್ಲಿ ಕೈಪಂಪ್ ಜೋಡಿಸಿದರು. ಕ್ಯಾಪ್ ಮೇಲೆ 1.1 ಎಂದು ಬರೆದಿದೆ. ಅಷ್ಟೇ ಬಾರ್ ಒತ್ತಡ ಕೊಟ್ಟು ಸುಮ್ನೆ ಕಾದರು. ಮೀಟರಿನ ಮುಳ್ಳು ನಿಧಾನಕ್ಕೆ ಇಳಿಯಿತು. ಹೋಸ್ ಪೈಪುಗಳ ಕ್ಲಿಪ್ಪುಗಳೆಲ್ಲ ಒಣಗಿದ್ದವು, ಥರ್ಮೋಸ್ಟಾಟ್ ಕವರ್ ಒಣಗಿತ್ತು, ಕಾರಿನ ಒಳಗೆ ಕಾಲಿಡುವ ಮ್ಯಾಟ್ ಕೂಡ ಒಣಗಿತ್ತು, ಹಾಗಾಗಿ ಹೀಟರಿನ ಕಡೆ ತೊಂದರೆ ಇಲ್ಲ. ವಾಟರ್ ಪಂಪಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹಾಳಾದರೆ ಹೊರಗೆ ಗೊತ್ತಾಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ಹನಿ ಹನಿಯಾಗಿ ಬಂತು.

ನಿಮ್ಮ ಅಡ್ವೈಸರ್ ಹೇಳಿದ್ದು "ಆಯಿಲೂ ಕಮ್ಮಿ, ಕೂಲಂಟೂ ಕಮ್ಮಿ, ಅಂದ್ರೆ ಹೆಡ್ ಗ್ಯಾಸ್ಕೆಟ್ಟೇ ಸರ್" ಎಂದು. ಎರಡು ಬೇರೆ ಬೇರೆ ಸೋರಿಕೆ ಒಂದೇ ಕಾಲಕ್ಕೆ ಇರಬಾರದು ಅಂತ ಎಲ್ಲಿದೆ? ಹೆಡ್ ಗ್ಯಾಸ್ಕೆಟ್ ಹೋದರೆ ಅದಕ್ಕೆ ಅದರದೇ ಗುರುತುಗಳಿವೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಅಥವಾ ಆಯಿಲ್ ಮುಚ್ಚಳದಲ್ಲಿ ಹಾಲಿನ ಬಣ್ಣದ ಆಯಿಲ್ ಕಾಣಬಹುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರಬಹುದು. ಬಾಟಲಿಯಲ್ಲಿ ಗುಳ್ಳೆ ಏಳಬಹುದು. ನಮ್ಮದರಲ್ಲಿ ಇವು ಒಂದೂ ಇರಲಿಲ್ಲ. ಅನುಮಾನ ಉಳಿದರೆ ಅದಕ್ಕೂ ಪರೀಕ್ಷೆ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವುದು. ಎಂಜಿನ್ನಿನ ಉರಿದ ಗ್ಯಾಸ್ ಅದರಲ್ಲಿ ಸೇರಿದ್ದರೆ ನೀಲಿ ಹೋಗಿ ಹಳದಿಗೆ ತಿರುಗುತ್ತದೆ. ನಮ್ಮದರಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು. ಇಷ್ಟು ಸಣ್ಣ ಪರೀಕ್ಷೆಯನ್ನೂ ಮಾಡದೆ ಎಂಜಿನ್ ಬಿಚ್ಚಲು ನನ್ನ ಸಹಿ ಕೇಳಿದಿರಿ.

ಇದು ಬರೀ ದುಡ್ಡಿನ ಮಾತಲ್ಲ. ಈ ಕಾರಿನಲ್ಲಿ ಅಮ್ಮನನ್ನು ಚಿಕಿತ್ಸೆಗೆ ಕುಮಟಾಕ್ಕೆ ಕರೆದುಕೊಂಡು ಹೋಗುತ್ತೇವೆ. ಕುಮಟಾ ಸಮುದ್ರದ ದಡ, ಶಿರಸಿ ಸುಮಾರು 600 ಮೀಟರ್ ಎತ್ತರ. ವಾಪಸ್ ಬರುವಾಗ ದೇವಿಮನೆ ಘಟ್ಟ ಹತ್ತಲೇಬೇಕು. ನೀವು "ಎಲ್ಲಾ ಸರಿ ಇದೆ" ಎಂದು ಗಾಡಿ ಕೊಟ್ಟ ಮೇಲೆ, ಮಳೆಯಲ್ಲಿ ಘಟ್ಟದ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಅಲ್ಲೇ ನಿಲ್ಲಿಸಿದೆವು. ಮೊಬೈಲಿಗೆ ಸಿಗ್ನಲ್ ಇಲ್ಲ, ಲಾರಿಗಳು ಪಕ್ಕದಲ್ಲೇ ಹಾದು ಹೋಗುತ್ತಿವೆ, ಅಮ್ಮ ಹಿಂದಿನ ಸೀಟಿನಲ್ಲಿ ನೋವು ಸಹಿಸಿಕೊಂಡು ಕೂತಿದ್ದಾರೆ. ಎಂಜಿನ್ ತಣಿಯುವವರೆಗೆ ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಹಾಗೆ ಬಿಸಿಯಾದದ್ದಕ್ಕೆ ಕಾರಣ ಸ್ಪಷ್ಟ. ನೀರು ಸಾಮಾನ್ಯವಾಗಿ 100 ಡಿಗ್ರಿಗೆ ಕುದಿಯುತ್ತದೆ. ಅದರ ಮೇಲೆ ಇನ್ನೊಂದು ಬಾರ್ ಒತ್ತಡ ಇದ್ದರೆ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಒತ್ತಡ ಹಿಡಿದಿಡುವುದು ಅದಕ್ಕೇ. ಸೋರಿಕೆ ಇದ್ದರೆ ಒತ್ತಡವೂ ನಿಲ್ಲುವುದಿಲ್ಲ, ಕೂಲಂಟೂ ಇರುವುದಿಲ್ಲ. ಚಿಕ್ಕ ಕಾರುಗಳ ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ, ಆಗ ಗ್ಯಾಸ್ಕೆಟ್ ನಿಜವಾಗಿಯೂ ಹೋಗುತ್ತದೆ. ಅಂದರೆ ನೀವು ಹುಡುಕದೆ ಬಿಟ್ಟ ವಾಟರ್ ಪಂಪಿನ ಸೋರಿಕೆ, ಇಲ್ಲದಿದ್ದರೂ ಇದೆ ಎಂದು ನೀವು ಹೇಳಿದ ದೋಷವನ್ನೇ ತಂದಿಡುವುದರಲ್ಲಿತ್ತು.

ಇನ್ನೊಂದು ಮಾತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಮ್ಮ ಅಂಗಳದಲ್ಲಿ ನಾಯಿ ಇದೆ, ಕೊಟ್ಟಿಗೆಯಿಂದ ಕರು ಬರುತ್ತದೆ. ಒಂದು ವೇಳೆ ಕೆಳಗೆ ಬಿದ್ದದ್ದನ್ನು ನೆಕ್ಕಿದರೆ ಜೀವಕ್ಕೇ ಅಪಾಯ. ಇದನ್ನು ನಿಮ್ಮಲ್ಲಿ ಯಾರೂ ನಮಗೆ ಹೇಳಲಿಲ್ಲ. ಹಳ್ಳಿ ಕಡೆಯ ಗ್ರಾಹಕರೇ ಜಾಸ್ತಿ ಬರುವ ಸರ್ವಿಸ್ ಸೆಂಟರಿನಲ್ಲಿ ಇದನ್ನು ಹೇಳಲೇಬೇಕು. ಟಾಪ್ ಅಪ್ ಮಾಡುವಾಗ ಒಮ್ಮೆ ಹಸಿರು, ಒಮ್ಮೆ ಕೆಂಪು ಕೂಲಂಟ್ ಹಾಕಿದ್ದೂ ಬಾಟಲಿಯಲ್ಲಿ ಗೊತ್ತಾಗುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆತರೆ ತುಕ್ಕು ತಡೆಯುವ ಗುಣ ಕಮ್ಮಿಯಾಗುತ್ತದೆ, ಕೆಲವು ಸಲ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಹೊಸ ಪಂಪ್ ಹಾಕುವಾಗ ಎಲ್ಲವನ್ನೂ ಹೊರಗೆ ತೆಗೆದು, ತೊಳೆದು, ಹೊಸದಾಗಿ ತುಂಬಿಸಬೇಕಾಯಿತು. ಈಗ ಬಾಟಲಿಯ ಮಟ್ಟ ಹಾಕಿದಲ್ಲೇ ನಿಂತಿದೆ. ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಆಯಿಲ್ ಬೀಳುತ್ತಿಲ್ಲ.

ಈಗ ನಾನು ಕೇಳುವುದು. ಚೇಂಬರ್ ಪ್ಯಾಕಿಂಗ್ ಮತ್ತು ಫ್ಲೈವೀಲ್ ಸೀಲಿನ ಬೆಲೆ, ಅವುಗಳ ಲೇಬರ್, ಗೇರ್‌ಬಾಕ್ಸ್ ಇಳಿಸಿ ಏರಿಸಿದ ಲೇಬರ್ ವಾಪಸ್ ಕೊಡಬೇಕು. ಅದರ ಜೊತೆ ಬದಲಿಸಿದ ಕ್ಲಚ್ ಪ್ಲೇಟಿನ ದುಡ್ಡು ನಾನು ಕೇಳುತ್ತಿಲ್ಲ. ಅದು ಸವೆದಿತ್ತು, ಬದಲಿಸಲು ನಾನೇ ಒಪ್ಪಿದ್ದೆ. ಬೇರೆ ಗ್ಯಾರೇಜಿನಲ್ಲಿ ಪಂಪ್, ಪ್ಯಾಕಿಂಗ್ ಹಾಕಿಸಿದ ಖರ್ಚನ್ನೂ ಕೇಳುತ್ತಿಲ್ಲ, ಯಾಕೆಂದರೆ ಅದು ಬೇಕಾಗಿದ್ದ ಕೆಲಸ. ಆದರೆ ಬೆರೆತ ಕೂಲಂಟ್ ತೊಳೆಸಿದ ಖರ್ಚು ನಿಮ್ಮದೇ.

ಗೇರ್‌ಬಾಕ್ಸ್ ಇಳಿಸಿದಾಗ ಒಳಗೆ ಆಯಿಲ್ ಇತ್ತೇ, ಇಲ್ಲವೇ? ಸೀಲ್ ನಿಜವಾಗಿಯೂ ಸೋರುತ್ತಿದ್ದರೆ ಒಳಗೆಲ್ಲ ಒದ್ದೆ ಇರಬೇಕಿತ್ತು. ಫೋಟೋ ಇದ್ದರೆ ಕಳಿಸಿ. ಹಳೆಯ ಸೀಲ್ ಕೇಳಿದಾಗ "ಬಿಸಾಕಿದ್ದೇವೆ" ಎಂದಿರಿ. ಗ್ರಾಹಕರ ಹಳೆಯ ಭಾಗವನ್ನು ಅವರನ್ನು ಕೇಳದೆ ಬಿಸಾಡುವುದು ಸರಿಯಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ನಮ್ಮ ಕಾರಿನ ಹೆಸರಿಗೆ "ಹೆಡ್ ಗ್ಯಾಸ್ಕೆಟ್ ದೋಷ, ಗ್ರಾಹಕರು ನಿರಾಕರಿಸಿದ್ದಾರೆ" ಎಂದು ದಾಖಲಾಗಿದೆ. ಯಾವ ಪರೀಕ್ಷೆಯ ಆಧಾರದ ಮೇಲೆ ಹಾಗೆ ಬರೆದಿರಿ ಎಂದು ಬರೆದು ತಿಳಿಸಿ. ಪರೀಕ್ಷೆ ಮಾಡಿಲ್ಲದಿದ್ದರೆ ಆ ದಾಖಲೆ ತಿದ್ದಿ. ನಾಳೆ ಕಾರು ಮಾರುವಾಗ ಕೊಳ್ಳುವವರು ಸರ್ವಿಸ್ ದಾಖಲೆ ನೋಡುತ್ತಾರೆ. ಇಲ್ಲದ ದೋಷಕ್ಕೆ ನನ್ನ ಕಾರಿನ ಬೆಲೆ ಇಳಿಯಬಾರದು.

ನಿಮ್ಮ ಮೆಕ್ಯಾನಿಕ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸದಲ್ಲಿ ಅವರು ಚುರುಕು, ಗೇರ್‌ಬಾಕ್ಸ್ ಚೆನ್ನಾಗಿಯೇ ಕೂರಿಸಿದ್ದಾರೆ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಎಂಬ ಒತ್ತಡದಲ್ಲಿ, ಕಾದು ನೋಡುವ ಕೆಲಸಕ್ಕೆ ಅವರಿಗೆ ಸಮಯವೇ ಸಿಗುವುದಿಲ್ಲ. ಅದನ್ನು ಸರಿಪಡಿಸಬೇಕಾದವರು ನೀವು. ಸೋರಿಕೆಯ ದೂರು ಬಂದರೆ ತೊಳೆದು, ಒತ್ತಡ ಕೊಟ್ಟು, ಮೂಲದ ಫೋಟೋ ಗ್ರಾಹಕರಿಗೆ ತೋರಿಸಿದ ಮೇಲೆಯೇ ಎಸ್ಟಿಮೇಟ್ ಕೊಡುವ ಪದ್ಧತಿ ಮಾಡಿ. ಪತ್ತೆ ಮಾಡುವ ಕೆಲಸಕ್ಕೆ ಬೇರೆ ಚಾರ್ಜ್ ಹಾಕಿದರೂ ನಾನು ಸಂತೋಷದಿಂದ ಕೊಡುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಫೋನಿನಲ್ಲಿ ಮಾತು ಬೇಡ. ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೇವೆಯಲ್ಲಿನ ಕೊರತೆಗಾಗಿ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. ಅದಕ್ಕೆ 2 ವರ್ಷದ ಅವಧಿ ಇದೆ, ಕಾಗದಗಳೆಲ್ಲ ನನ್ನ ಹತ್ತಿರ ಇವೆ.

ಜೊತೆಗೆ: ನಿಮ್ಮ ಜಾಬ್ ಕಾರ್ಡ್ ಮತ್ತು ಬಿಲ್ಲುಗಳ ಪ್ರತಿ, ಹೆಡ್ ಗ್ಯಾಸ್ಕೆಟ್ ಎಸ್ಟಿಮೇಟ್, ಯುವಿ ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋಗಳು, ಬೇರೆ ಗ್ಯಾರೇಜಿನ ಬಿಲ್. ಹಳೆಯ ಪಿಸಿವಿ ವಾಲ್ವ್ ಮತ್ತು ವಾಟರ್ ಪಂಪ್ ನನ್ನ ಬಳಿಯೇ ಇವೆ. ನೋಡಬೇಕಿದ್ದರೆ ತಂದು ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ