ಅಳಿಸುವ ಆತುರ

ಪ್ರಿಯ ಸುಮಾ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರು, ಇದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತು. ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಅಂತ ಕೊನೆಗೆ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ಆಗುತ್ತದೆ. ಆದರೆ ನಿನ್ನ ಮೈಕೇಲನನ್ನು ನೋಡಿ ಮೊದಲ ಪುಟದಲ್ಲೇ ನೀನು ಅತ್ತು ಮುಗಿಸಿದ್ದೀಯ. ಓದುವವರಿಗೆ ಏನು ಉಳಿಯಿತು?

1870ರ ಲಿವರ್‌ಪೂಲ್. ಐರಿಷ್ ಕ್ಯಾಥೊಲಿಕ್ ಮನೆಯ ಒಂಬತ್ತು ವರ್ಷದ ಹುಡುಗ ಮೈಕೇಲ ಬ್ರೆಡ್ ಕದಿಯುತ್ತಾನೆ, ಅದೇ ಸಂಜೆ ‘ಅಕ್ಬರ್’ ಎಂಬ ರಿಫಾರ್ಮೇಟರಿ ಹಡಗು, ಅಂದರೆ ಅಪರಾಧ ಮಾಡಿದ ಹುಡುಗರನ್ನು ಇಟ್ಟು ತಿದ್ದುವ ಹಡಗು-ಶಾಲೆ, ಹತ್ತುತ್ತಾನೆ. ಅಲ್ಲ ಮಾರಾಯ್ತಿ, ಒಂದೇ ಪುಟದಲ್ಲಿ ಮೂರು ತಪ್ಪು! ರಿಫಾರ್ಮೇಟರಿ ಶಾಲೆಗಳ 1866ರ ಕಾಯ್ದೆಯ ಪ್ರಕಾರ, ಹತ್ತು ತುಂಬದ ಹುಡುಗನ ಮೇಲೆ ಹಿಂದಿನ ಕೇಸು ಇಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಅವನನ್ನು ರಿಫಾರ್ಮೇಟರಿಗೆ ಕಳಿಸುವ ಹಾಗಿರಲಿಲ್ಲ. ಅಂಥವರಿಗೆ ಕಸುಬು ಕಲಿಸುವ ಇಂಡಸ್ಟ್ರಿಯಲ್ ಶಾಲೆಗಳಿದ್ದವು. ಅಕ್ಬರ್ ಪ್ರಾಟೆಸ್ಟೆಂಟ್ ಹುಡುಗರದ್ದು. ಕ್ಯಾಥೊಲಿಕರಿಗೆ ಲಿವರ್‌ಪೂಲಿನ ಅದೇ ಮರ್ಸಿ ನದಿಯಲ್ಲಿ ‘ಕ್ಲಾರೆನ್ಸ್’ ನಿಂತಿತ್ತು. 1884ರಲ್ಲಿ ಹುಡುಗರೇ ಬೆಂಕಿಯಿಟ್ಟರಲ್ಲ, ಆ ಹಡಗು.

ಮೂರನೆಯದೇ ದೊಡ್ಡದು. ರಿಫಾರ್ಮೇಟರಿ ಶಾಲೆಗೆ ಹೋಗುವ ಮೊದಲು ಜೈಲು. 1854ರ ಕಾಯ್ದೆಯಲ್ಲಿ ಕನಿಷ್ಠ 14 ದಿನ, 1866ರಲ್ಲಿ 10. ಅದಾದ ಮೇಲೆ ಎರಡರಿಂದ ಐದು ವರ್ಷ ಶಾಲೆ. ಶಿಕ್ಷೆಯ ಬಾಕಿ ತೀರಲಿ, ಸುಧಾರಣೆ ಆಮೇಲೆ ಎಂಬ ಲೆಕ್ಕಾಚಾರ. ಬ್ರಿಸ್ಟಲ್‌ನಲ್ಲಿ ಹುಡುಗಿಯರಿಗಾಗಿ ರೆಡ್ ಲಾಡ್ಜ್ ಎಂಬ ರಿಫಾರ್ಮೇಟರಿ ನಡೆಸಿದ ಮೇರಿ ಕಾರ್ಪೆಂಟರ್ ಇದನ್ನು ವಿರೋಧಿಸಿದ್ದರು. ಅವರು ತೀರಿಕೊಂಡದ್ದು 1877ರಲ್ಲಿ, ಈ ನಿಯಮ ಪೂರ್ತಿ ಹೋದದ್ದು 1899ರಲ್ಲಿ.

ಆ ಹತ್ತು ದಿನವನ್ನೇ ನೀನು ಹಾರಿಸಿಬಿಟ್ಟಿದ್ದೀಯ. ಜೈಲಿನಲ್ಲಿ ಓಕಂ ಬಿಡಿಸುವ ಕೆಲಸ ಇರುತ್ತಿತ್ತು. ಟಾರು ಹಿಡಿದ ಹಳೇ ಹಡಗಿನ ಹಗ್ಗವನ್ನು ತುಂಡು ಮಾಡಿ, ತೂಗಿ ಕೊಡುತ್ತಾರೆ. ಮೊದಲು ಹುರಿ ಬಿಚ್ಚಬೇಕು. ಆಮೇಲೆ ಒಂದೊಂದೇ ಎಳೆಯನ್ನು ಮೊಣಕಾಲ ಮೇಲಿಟ್ಟು ಉರುಳಿಸಿ, ಟಾರಿನ ಬಿಗಿ ಬಿಡಿಸಿ, ನಾರು ನಾರಾಗಿ ಬೇರೆ ಮಾಡಬೇಕು. ಟಾರು ಗಟ್ಟಿಯಾದ ಕಡೆ ಬೆರಳಿನ ತುದಿ ಒಡೆಯುತ್ತದೆ, ಉಗುರಿನ ಸಂದಿಯ ಕಪ್ಪು ತೊಳೆದರೂ ಹೋಗುವುದಿಲ್ಲ. ಆ ನಾರನ್ನು ಹಡಗಿನ ಹಲಗೆಗಳ ನಡುವೆ ಗಿಡಿದು ಮೇಲೆ ಟಾರು ಬಳಿಯುತ್ತಾರೆ, ನೀರು ಒಳಗೆ ಬರದಿರಲಿ ಅಂತ. ಇಷ್ಟನ್ನು ಬರಿ, ‘ಪಾಪ’ ಎಂಬ ಮಾತು ಮಾತ್ರ ಬೇಡ.

ಬ್ರೆಡ್ಡನ್ನೂ ತೆಗೆ. ಹಸಿದವನು ಕದ್ದರೆ ಓದುಗರು ಕೂತಲ್ಲೇ ಮಾಫಿ ಮಾಡಿಬಿಡುತ್ತಾರೆ, ನಿನಗೆ ಕೆಲಸವೇ ಇಲ್ಲ. ಬಂದರಿನ ಹುಡುಗ ಅವನು, ಹಗ್ಗದ ತುಂಡು ಕದ್ದು ಗುಜರಿಗೆ ಹಾಕಲಿ. ಸುಳ್ಳೂ ಹೇಳಲಿ. ಕರುಣಾರಸ ಹಿಂಡಿ ಪ್ರಶಸ್ತಿ ಹೊಡೆದ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಮೇಲಿನ ಸಿಟ್ಟು ಸ್ವಲ್ಪ ನಿನ್ನ ಮೇಲೆ ಬಿದ್ದಿದ್ದರೆ ಕ್ಷಮಿಸು.

ಪ್ರತಿ ಭಾನುವಾರ ಬುತ್ತಿ ಹೊತ್ತು ಬರುವ ಆ ತಾಯಿ ನಮ್ಮೂರಿನವಳು, ಲಿವರ್‌ಪೂಲಿನವಳಲ್ಲ. ಮಗ ಕೆಟ್ಟದ್ದೇ ಹೆತ್ತವರಿಂದ ಅಂತ ನಂಬಿದ್ದ ವ್ಯವಸ್ಥೆ ಅದು, ಅವರನ್ನು ದೂರವೇ ಇಡುತ್ತಿತ್ತು. ಮೇಲಿಂದ, ಮಗನ ಖರ್ಚಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಕಟ್ಟಿ ಎಂದು ಕೋರ್ಟು ಹೇಳಬಹುದಿತ್ತು.

ಇನ್ನು ನೀನು ನೆಚ್ಚಿಕೊಂಡಿರುವ ವಾರ್ಷಿಕ ವರದಿಗಳು. ಶಾಲೆಗಳು ನಡೆಯುತ್ತಿದ್ದದ್ದು ಸರ್ಕಾರದ ಅನುದಾನದ ಜೊತೆ ದಾನಿಗಳ ಹಣದಿಂದ. ‘ಇಷ್ಟು ಹುಡುಗರು ಸುಧಾರಿಸಿದರು’ ಅಂತ ಬರೆದವರಿಗೆ ಮುಂದಿನ ವರ್ಷದ ಚಂದಾ ಬೇಕಿತ್ತು. ದಾಖಲಾತಿ ಪುಸ್ತಕ ನೋಡು. ಅಲ್ಲಿ ಎತ್ತರ, ಕೂದಲಿನ ಬಣ್ಣ, ಓದು ಎಷ್ಟು ಬರುತ್ತದೆ, ಎಲ್ಲ ಸಿಗುತ್ತದೆ. ತಾಯಿಯ ನಡತೆಯ ಬಗ್ಗೆ ಒಂದು ಮಾತು ಕಂಡರೆ ಅದು ಗುಮಾಸ್ತನದ್ದು, ಹುಡುಗನ ಬಾಯಿಗೆ ತುರುಕಬೇಡ.

ಸದ್ಯ ಮೂರನೇ ಅಧ್ಯಾಯ ಒಂದನ್ನೇ ಹೊಸದಾಗಿ ಬರೆದು ಕಳಿಸು. ಆ ಹತ್ತು ದಿನ ಮಾತ್ರ. ಕದ್ದದ್ದೂ ಹಗ್ಗ, ಬಿಡಿಸುತ್ತಿರುವುದೂ ಹಗ್ಗ ಅಂತ ಎಲ್ಲಿಯೂ ಹೇಳಬೇಡ.